ವಾರಗಿತ್ತಿಯ ಕಾಲು ದಾಟಿದ್ದು

ನನ್ನ ಮೂಗಿನ ಮೂಳೆ ಮುರಿದದ್ದು ನನ್ನ ವಾರಗಿತ್ತಿಯ ಹಿಮ್ಮಡಿ ಬಿದ್ದು. ಹೀಗೆ ಒಂದೇ ಮಾತಿನಲ್ಲಿ ಹೇಳಿದರೆ ಕೇಳಿದವರು ಉಳಿದ ಕಥೆಯನ್ನು ತಾವೇ ಕಟ್ಟಿಕೊಳ್ಳುತ್ತಾರೆ. ನಮ್ಮೂರಲ್ಲೂ ಹಾಗೇ ಆಯಿತು. ಅದಕ್ಕೇ ಆದದ್ದನ್ನು ಮೊದಲಿನಿಂದ ಹೇಳುತ್ತೇನೆ.

ನಾನು ಮಧುಗಿರಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರು. ನನ್ನ ಮೈದುನನ ಹೆಂಡತಿ ಪೊಲೀಸ್ ಕಾನ್‌ಸ್ಟೇಬಲ್, ಆಗ ಕೊಳಾಲದ ಕಡೆ ಡ್ಯೂಟಿ. ಕೊಡಿಗೇನಹಳ್ಳಿಯಲ್ಲಿ ಒಂದೇ ಮನೆ, ಒಂದೇ ಒಲೆ. ಅತ್ತೆ, ಅಣ್ಣ ತಮ್ಮ, ನಾವಿಬ್ಬರು ಸೊಸೆಯರು. ಮಾವ ಇದ್ದಾಗ ಕುರಿ ಮಂದೆ ಇದ್ದ ಮನೆ. ಈಗ ನಮ್ಮ ಯಜಮಾನರು ಹೊಲ ನೋಡಿಕೊಳ್ಳುತ್ತಾರೆ, ಮೈದುನ ಹಿಂದೂಪುರದ ಕಡೆಗೆ ಟೆಂಪೋ ಓಡಿಸುತ್ತಾನೆ. ವಾರಗಿತ್ತಿ ನನಗಿಂತ ಏಳೆಂಟು ವರ್ಷ ಚಿಕ್ಕವಳು. ಬಾಯ್ತುಂಬ ಅಕ್ಕ ಅನ್ನುತ್ತಿದ್ದಳು.

ಹೆಣ್ಣುಮಕ್ಕಳಿಗೆ ಆತ್ಮರಕ್ಷಣೆ ಕಲಿಸಬೇಕು ಅಂತ ನಮ್ಮ ಸ್ಕೂಲಿನವರು ನನಗೆ ಒಪ್ಪಿಸಿದ್ದರು. ನನಗೇ ಬಾರದ್ದನ್ನು ಹೇಗೆ ಕಲಿಸಲಿ ಅಂತ ಹುಡುಕುತ್ತಿದ್ದಾಗ, ಮಧುಗಿರಿಯಲ್ಲೇ ಒಂದು ಗೋಡೌನ್ ಮೇಲಿನ ಹಾಲ್‌ನಲ್ಲಿ ಬ್ರೆಜಿಲಿಯನ್ ಜಿಯು-ಜಿತ್ಸು ಕ್ಲಾಸು ನಡೆಯುತ್ತದೆ ಅಂತ ಗೊತ್ತಾಯಿತು. ಕೋಚ್ ಸಿರಾದವರು. ಅಬುಧಾಬಿಗೆ ಹೋಗಿ ಒಂದು ಜಿಮ್ಮಿನಲ್ಲಿ ಮ್ಯಾಟು ಒರೆಸುವ ಕೆಲಸಕ್ಕೆ ಸೇರಿ, ಒರೆಸುತ್ತ ಒರೆಸುತ್ತ ಆಟ ಕಲಿತು, ನೇರಳೆ ಬೆಲ್ಟು ಕಟ್ಟಿಕೊಂಡು ವಾಪಸ್ಸು ಬಂದವರು. ಈ ಆಟದಲ್ಲಿ ಗುದ್ದುವುದಿಲ್ಲ, ಒದೆಯುವುದಿಲ್ಲ. ಹಿಡಿಯುವುದು, ಉರುಳಿಸುವುದು, ಒತ್ತುವುದು. ಎದುರಾಳಿ ಸಾಕು ಅಂತ ಕೈ ತಟ್ಟಿದರೆ ಅಲ್ಲಿಗೆ ಮುಗಿಯಿತು.

ನನ್ನ ಮೊಣಕೈ ಮೇಲಿನ ನೀಲಿ ಕಲೆ ನೋಡಿ ವಾರಗಿತ್ತಿ ಒಂದು ದಿನ ಕೇಳಿದಳು. "ಅಕ್ಕ, ನಾನೂ ಬರ್ಲಾ?" ಬಂದಳು. ಬಂದವಳು ಆರೇಳು ತಿಂಗಳಲ್ಲಿ ನನ್ನನ್ನು ದಾಟಿ ಎಲ್ಲೋ ಹೋಗಿಬಿಟ್ಟಳು. ಅವಳ ಓಪನ್ ಗಾರ್ಡನ್ನು ಕ್ಲಾಸಿನಲ್ಲಿ ಯಾವ ಹೆಂಗಸಿಗೂ ಪಾಸ್ ಮಾಡಲು ಆಗುತ್ತಿರಲಿಲ್ಲ.

ಓಪನ್ ಗಾರ್ಡ್ ಅಂದರೆ ಹೀಗೆ. ಒಬ್ಬಳು ಬೆನ್ನ ಮೇಲೆ ಮಲಗುತ್ತಾಳೆ. ನೋಡಿದವರು ಮಲಗಿದವಳೇ ಸೋತಳು ಅಂದುಕೊಳ್ಳಬೇಕು. ಆದರೆ ಅವಳ ಎರಡು ಕಾಲೂ ನಿಮ್ಮ ಎದುರಿಗೇ ಇರುತ್ತವೆ. ಒಂದು ಪಾದ ನಿಮ್ಮ ಸೊಂಟದ ಮೇಲೆ ಊರಿರುತ್ತದೆ, ಇನ್ನೊಂದು ನಿಮ್ಮ ಮೊಣಕಾಲಿನ ಹಿಂದೆ ಕೊಕ್ಕೆ ಹಾಕಿಕೊಂಡಿರುತ್ತದೆ, ಕೈಗಳು ನಿಮ್ಮ ತೋಳಿನ ಬಟ್ಟೆಯನ್ನು ಬಿಗಿಯಾಗಿ ಹಿಡಿದಿರುತ್ತವೆ. ನಿಂತವಳು ಆ ಕಾಲುಗಳನ್ನು ದಾಟಿ, ಅವಳ ಪಕ್ಕಕ್ಕೆ ಹೋಗಿ, ಎದೆಯ ಮೇಲೆ ಎದೆ ಊರಿ ಅಲುಗಾಡದಂತೆ ಹಿಡಿಯಬೇಕು. ಹಿಡಿದರೆ ಪಾಸ್.

ಮೊದಮೊದಲು ನಮ್ಮ ಕ್ಲಾಸಿನ ಹೆಂಗಸರಿಗೆಲ್ಲ ಈ ಕಾಲಿನದೇ ತೊಂದರೆ. ಪಾದ ಇನ್ನೊಬ್ಬರ ಮೈಗೆ ತಾಗಿದ ಕೂಡಲೇ ಆಟ ಬಿಟ್ಟು, ಮುಟ್ಟಿ ಕಣ್ಣಿಗೊತ್ತಿಕೊಳ್ಳುತ್ತಿದ್ದೆವು. ಮಲಗಿದವರನ್ನು ದಾಟಬಾರದು ಅಂತ ಚಿಕ್ಕಂದಿನಿಂದ ಬೈಸಿಕೊಂಡು ಬೆಳೆದ ಮೈ ಬೇರೆ. ಕೋಚ್ ಹಣೆ ಚಚ್ಚಿಕೊಳ್ಳುತ್ತಿದ್ದರು. "ಮೇಡಂ, ನಮಸ್ಕಾರ ಎಲ್ಲಾ ಲಾಸ್ಟಲ್ಲಿ ಒಂದೇ ಸಲ ಮಾಡ್ರಿ. ಈಗ ಕಾಲು ಇಡ್ರಿ, ಜೋರ್ ಸೆ ಇಡ್ರಿ!"

ಮೂಗು ಮುರಿದ ಆ ಸಂಜೆ ನಾನು ಅವಳ ಎರಡೂ ಮೊಣಕಾಲಿನ ಬಳಿ ಪ್ಯಾಂಟಿನ ಬಟ್ಟೆ ಹಿಡಿದಿದ್ದೆ. ಕಾಲುಗಳನ್ನು ಒಂದು ಪಕ್ಕಕ್ಕೆ ತಳ್ಳಿ ಇನ್ನೊಂದು ಪಕ್ಕದಿಂದ ನುಗ್ಗುವುದು ನನ್ನ ಲೆಕ್ಕ. ಅವಳು ಸೊಂಟ ತಿರುಗಿಸಿ ಕಾಲನ್ನು ಒಳಗೆ ತರಲು ನೋಡುತ್ತಿದ್ದಳು. ಬೆವರಿಗೆ ನನ್ನ ಬಲಗೈ ಜಾರಿತು. ಎಳೆದು ಹಿಡಿದ ಕೊಂಬೆ ಬಿಟ್ಟ ಹಾಗೆ ಅವಳ ಕಾಲು ಮೇಲಕ್ಕೆ ಬಂತು. ಲಟಕ್ ಅಂದದ್ದು ನನ್ನ ತಲೆಯೊಳಗೇ ಕೇಳಿಸಿತು. ಆಮೇಲೆ ಬಾಯಿಯಲ್ಲಿ ಉಪ್ಪು, ಬಿಳಿ ಜಾಕೀಟಿನ ಮೇಲೆ ಕೆಂಪು.

"ಅಕ್ಕ! ಅಕ್ಕ!" ಅಂತ ಅವಳು ನನ್ನ ತಲೆ ಹಿಡಿದುಕೊಂಡಳು. ಕೋಚ್ ಐಸು ತರಿಸಿದರು. ಆಸ್ಪತ್ರೆಗೆ ಅವಳೇ ಕರೆದುಕೊಂಡು ಹೋದಳು, ಎಕ್ಸ್‌ರೇ ತೆಗೆಸುವಾಗ ಹೊರಗೆ ನಿಂತು ಅತ್ತಿದ್ದಾಳೆ ಅಂತ ನರ್ಸು ಹೇಳಿದರು. ಮೂಳೆ ಬಿರುಕು ಬಿಟ್ಟಿತ್ತು. ಮೂಗಿಗೆ ಪಟ್ಟಿ ಹಾಕಿಸಿಕೊಂಡು ಇಬ್ಬರೂ ಬಸ್ಸು ಹತ್ತಿದೆವು. ದಾರಿಯುದ್ದಕ್ಕೂ ಅವಳು ನನ್ನ ಕೈ ಬಿಡಲಿಲ್ಲ. ಆವತ್ತು ನಮ್ಮಿಬ್ಬರ ನಡುವೆ ಏನೂ ಇರಲಿಲ್ಲ. ಎಲ್ಲಾ ಶುರುವಾದದ್ದು ಮನೆಗೆ ಬಂದ ಮೇಲೆ.

ಅತ್ತೆ ಬಾಗಿಲಲ್ಲೇ ನಿಂತಿದ್ದರು. "ಅಯ್ಯೋ ಶಿವನೇ, ಏನಮ್ಮಿ ಇದು ಮಕ? ಎಲ್ ಬಿದ್ದೆ?"

ನಾನು ಬಾಯಿ ತೆರೆಯುವ ಮೊದಲೇ ಅವಳು ಹೇಳಿದಳು. "ಬಿದ್ದಿದ್ದಲ್ಲ ಅತ್ತೆ. ಆಟ ಆಡೋವಾಗ ನನ್ನ ಕಾಲು ತಗುಲ್ತು."

ಅವಳಿಗೆ ಸುತ್ತಿ ಬಳಸಿ ಮಾತಾಡುವುದು ಬರುವುದಿಲ್ಲ. ಕೈ ತಗುಲಿತು ಅಂದಿದ್ದರೂ ಸಾಕಿತ್ತು. ಕಾಲು ಅಂದಳು.

ಮಾರನೆಯ ಬೆಳಗ್ಗೆ ಡೇರಿಗೆ ಹಾಲು ಹಾಕಲು ಹೋದ ಅತ್ತೆ ವಾಪಸ್ಸು ಬರುವಾಗ ಮುಖ ಗಂಟಿಕ್ಕಿತ್ತು. ಪೊಲೀಸ್ ಸೊಸೆ ದೊಡ್ಡ ಸೊಸೆಯ ಮುಖಕ್ಕೆ ಒದ್ದಳಂತೆ, ಮೂಗು ಮುರಿದು ಹೋಯಿತಂತೆ ಅನ್ನುವ ಸುದ್ದಿ ಅವರಿಗಿಂತ ಮೊದಲೇ ಡೇರಿ ಮುಟ್ಟಿತ್ತು. ಕಾರಣವನ್ನೂ ಊರವರೇ ಹುಡುಕಿಕೊಂಡಿದ್ದರು. ಆ ತಿಂಗಳು ಅವಳಿಗೆ ಬಂದೋಬಸ್ತ್ ಡ್ಯೂಟಿ ಹೆಚ್ಚಾಗಿ ಅಡುಗೆಮನೆಗೆ ಬರುವುದೇ ಅಪರೂಪವಾಗಿತ್ತು. ಅತ್ತೆ ಗೊಣಗುತ್ತಿದ್ದರು, ನಾನೂ ಒಂದೆರಡು ಸಲ ಪಾತ್ರೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಿದ್ದೆ. ಯಾವ ಮನೆಯಲ್ಲಿ ಇಲ್ಲ ಇದು? ಆದರೆ ಅಕ್ಕಪಕ್ಕದವರ ಕಿವಿಗೆ ಆ ಪಾತ್ರೆಯ ಸದ್ದು ಈಗ ಬೇರೆ ಥರ ಕೇಳಿಸತೊಡಗಿತು.

ನಮ್ಮ ಯಜಮಾನರು ಹೊಲಕ್ಕೆ ಹೊರಟವರು ಚಪ್ಪಲಿ ಮೆಟ್ಟಿಕೊಂಡು ನಿಂತು ಕೇಳಿದರು. "ಬೇಕು ಅಂತ ಒದ್ಲಾ?"

"ಇಲ್ಲಾರೀ. ಕೈ ಜಾರ್ತು, ಕಾಲು ಬಂತು. ಅಷ್ಟೇ."

"ನಿಜ ಹೇಳು. ಮನೆ ಮರ್ವಾದೆ ಅಂತ ಮುಚ್ಚಾಕ್ತಿದೀಯಾ?"

ಮೊಬೈಲಿನಲ್ಲಿ ಆ ಆಟದ ವಿಡಿಯೋ ಹುಡುಕಿ ಅತ್ತೆಗೂ ಅವರಿಗೂ ತೋರಿಸಿದೆ. ಯಾವುದೋ ದೇಶದ ಇಬ್ಬರು ಹೆಂಗಸರು, ಒಬ್ಬಳ ಪಾದ ಇನ್ನೊಬ್ಬಳ ಎದೆಯ ಮೇಲೆ. ಅತ್ತೆ ಕನ್ನಡಕ ಸರಿ ಮಾಡಿಕೊಂಡು ಕೊನೆಯ ತನಕ ನೋಡಿದರು. ನೋಡಿ ಕೇಳಿದ್ದು ಒಂದೇ ಪ್ರಶ್ನೆ. "ಇವ್ರಿಬ್ರೂ ವಾರಗಿತ್ತೀರಾ?"

ನಾನು ಮೊಬೈಲು ಆರಿಸಿ ಅಡುಗೆಮನೆಗೆ ಹೋದೆ.

ಇಷ್ಟೇ ಆಗಿದ್ದರೆ ದಿನ ಕಳೆದಂತೆ ತಣ್ಣಗಾಗುತ್ತಿತ್ತೇನೋ. ಆದರೆ ನನ್ನ ಮೈಯೇ ನನ್ನ ಮಾತು ಕೇಳಲಿಲ್ಲ. ಪಟ್ಟಿ ಬಿಚ್ಚಿದ ಮಾರನೆಯ ದಿನ ಬೆಳಗ್ಗೆ ಅವಳು ಈಳಿಗೆಮಣೆ ಮುಂದೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದಳು. ನಾನು ಕುದಿಯುವ ಸಾರಿನ ಪಾತ್ರೆ ಹಿಡಿದು ಅವಳ ಪಕ್ಕ ಹಾಯುತ್ತಿದ್ದೆ. ಜೋಮು ಹಿಡಿಯಿತೋ ಏನೋ, ಅವಳು ಒಂದು ಕಾಲು ಚಾಚಿದಳು. ನಾನು ಬೆಚ್ಚಿ ಹಿಂದಕ್ಕೆ ಹಾರಿದೆ. ಮೊಣಕೈ ಮುಖಕ್ಕೆ ಅಡ್ಡ ಬಂತು, ಸಾರು ಕೈ ಮೇಲೆ ಚೆಲ್ಲಿತು.

ಅತ್ತೆ ನೋಡಿದರು. "ನೋಡ್ದಾ? ಏನೂ ಇಲ್ಲ ಅಂತೀಯ. ಅವ್ಳ ಕಾಲು ಕಂಡ್ರೆ ಇಂಗೆ ನಡುಗ್ತೀಯ."

ಅವಳು ಎದ್ದಳು. ಅರ್ಧ ಹೆಚ್ಚಿದ ಹುರುಳಿಕಾಯಿ ಅಲ್ಲೇ ಬಿಟ್ಟು, ಯೂನಿಫಾರ್ಮ್ ಹಾಕಿಕೊಂಡು, ತಿಂಡಿ ತಿನ್ನದೆ ಡ್ಯೂಟಿಗೆ ಹೋದಳು. ಅವತ್ತಿನಿಂದ ನನ್ನೊಡನೆ ಮಾತು ನಿಂತಿತು. ಕ್ಲಾಸಿಗೂ ಬರಲಿಲ್ಲ. ಮೈದುನ ತನ್ನ ತಟ್ಟೆಯನ್ನು ರೂಮಿಗೇ ತರಿಸಿಕೊಂಡು ಊಟ ಮಾಡತೊಡಗಿದ. ಅಣ್ಣತಮ್ಮಂದಿರು ಟೆಂಪೋ ಬೀಗದ ಕೈಯನ್ನೂ ಅತ್ತೆಯ ಮೂಲಕವೇ ಕೇಳಿ ಪಡೆಯುವಂತಾಯಿತು.

ನಾನು ಕ್ಲಾಸಿಗೆ ಮತ್ತೆ ಹೋದೆ. ಹೋಗಿ ಏನು ಮಾಡುವುದು? ಎದುರಿಗೆ ಯಾರೇ ಮಲಗಿ ಕಾಲು ಎತ್ತಲಿ, ನನ್ನ ಕುತ್ತಿಗೆ ತಾನಾಗಿ ಹಿಂದಕ್ಕೆ ಹೋಗುತ್ತಿತ್ತು. ಕೈ ಉದ್ದ ಚಾಚಿ, ಮುಖ ದೂರ ಇಟ್ಟುಕೊಂಡು, ಸುತ್ತಲೂ ಗಿರಗಿರ ತಿರುಗುತ್ತಿದ್ದೆ. ಯಾರನ್ನೂ ಪಾಸ್ ಮಾಡಲಾಗಲಿಲ್ಲ. ಹೊಸದಾಗಿ ಸೇರಿದ ಕಾಲೇಜು ಹುಡುಗಿಯ ಕಾಲನ್ನು ಕೂಡ.

ಕೋಚ್ ಒಂದು ದಿನ ಕರೆದು ಕೂರಿಸಿದರು. "ಮೇಡಂ, ನೀವು ಪಾದ ನೋಡ್ತೀರಿ. ಪಾದ ನೋಡ್ಬೇಡ್ರಿ, ಅದು ಬಂದ್ಮೇಲೇ ಕಾಣೋದು. ಸೊಂಟ ನೋಡ್ರಿ. ಸೊಂಟ ತಿರುಗ್ದೆ ಕಾಲು ಬರಲ್ಲ. ಇನ್ನೊಂದು ಮಾತು, ನೀವು ದೂರ ನಿಂತಿದೀರಿ. ಏಟು ಬೀಳೋದೇ ಆ ದೂರದಾಗೆ. ಪೂರಾ ಹತ್ರ ಹೋದ್ರೆ ಅವ್ರ ಕಾಲಿಗೆ ಜಾಗಾನೇ ಇರಲ್ಲ. ಡರೋ ಮತ್."

ಹೆದರಬೇಡ ಅಂತ ಹೇಳುವುದು ಸುಲಭ. ಬಸ್ಸಿನಲ್ಲಿ ಮನೆಗೆ ಬರುವಾಗ ಪಕ್ಕದ ಸೀಟಿನವರು ಕಾಲ ಮೇಲೆ ಕಾಲು ಹಾಕಿಕೊಂಡರೂ ನನ್ನ ಕಣ್ಣು ಅಲ್ಲೇ ಹೋಗುತ್ತಿತ್ತು.

ಅಷ್ಟರಲ್ಲಿ ಅತ್ತೆ ಪಾವಗಡಕ್ಕೆ ಫೋನ್ ಮಾಡಿಸಿದ್ದರು. ಮಾವನ ಅಕ್ಕ ಇರುವುದು ಅಲ್ಲಿ, ಅವರನ್ನು ಮನೆಯಲ್ಲಿ ಎಲ್ಲರೂ ಪಾವಗಡದಮ್ಮ ಅಂತಲೇ ಕರೆಯುವುದು. ನಮ್ಮ ಮನೆಯ ಯಾವ ತಗಾದೆಯೂ ಅವರಿಲ್ಲದೆ ತೀರುವುದಿಲ್ಲ. ಎಂಬತ್ತರ ಹತ್ತಿರದ ವಯಸ್ಸು, ಬೆನ್ನು ಇನ್ನೂ ನೆಟ್ಟಗೆ, ಮಾತು ಅರ್ಧ ಕನ್ನಡ ಅರ್ಧ ತೆಲುಗು. ಒಂದು ಭಾನುವಾರ ಬೆಳಗ್ಗೆ ಬಸ್ಸಿಳಿದು ಬಂದರು. ಕಾಲು ತೊಳೆದು, ಕಾಫಿ ಕುಡಿದು, ನಡುಮನೆಯಲ್ಲಿ ಗೋಡೆಗೊರಗಿ ಕೂತರು. ಎಲ್ಲರನ್ನೂ ಕರೆಸಿದರು. ಅಣ್ಣ ಒಂದು ಕಂಬದ ಬಳಿ, ತಮ್ಮ ಇನ್ನೊಂದು ಕಂಬದ ಬಳಿ ಕೂತರು. ಅತ್ತೆ ಅಡುಗೆಮನೆಯ ಹೊಸ್ತಿಲ ಮೇಲೆ. ನಾವಿಬ್ಬರೂ ನಿಂತೇ ಇದ್ದೆವು.

ಪಾವಗಡದಮ್ಮ ಮೊದಲು ನನ್ನ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿ ಮೂಗು ನೋಡಿದರು. ಆಮೇಲೆ ಅವಳ ಕಡೆ ತಿರುಗಿದರು.

"ಏಮ್ಮಾ, ಕಾಲು ತಗಿಲಿದ್ದು ನಿಜಮಾ?"

"ನಿಜ ಅಮ್ಮ."

"ಹಿರಿಯೋಳ ಮುಖಕ್ಕೆ ಕಾಲು ತಾಗಿದ್ಮ್ಯಾಕೆ, ಕಾಲು ಮುಟ್ಟಿ ತಪ್ಪಾಯ್ತು ಅಂದ್ಬುಡು. ಅಷ್ಟೇ ಕದಾ? ಇಲ್ಲಿಗೆ ಮುಗೀತು. ಮಧ್ಯಾನ್ನದ ಊಟ ಎಲ್ರೂ ಒಟ್ಗೆ ಕೂತು ಮಾಡಾಣ."

ಅವಳು ನೆಲ ನೋಡುತ್ತಿದ್ದಳು. ತಲೆ ಎತ್ತಿದಾಗ ಕಣ್ಣಲ್ಲಿ ನೀರಿರಲಿಲ್ಲ. "ಅಕ್ಕನ ಕಾಲು ಮುಟ್ಟೋಕೆ ನಂಗೇನೂ ಇಲ್ಲ ಅಮ್ಮ. ಹಬ್ಬಕ್ಕೆ ಮುಟ್ಟಲ್ವಾ? ಆದ್ರೆ ತಪ್ಪು ಮಾಡಿದೀನಿ ಅಂತ ಮುಟ್ಟಲ್ಲ. ಇವತ್ತು ಮುಟ್ಟಿದ್ರೆ, ಬೇಕು ಅಂತ್ಲೇ ಒದ್ದೆ ಅಂತ ನಾನೇ ಒಪ್ಕೊಂಡಂಗಾಯ್ತದೆ."

"ನೋಡ್ದಾ ಇವ್ಳ ಮಾತು!" ಅಂದರು ಅತ್ತೆ.

ನಮ್ಮ ಯಜಮಾನರು ಎದ್ದು ನಿಂತರು. "ಇಷ್ಟು ಸೊಕ್ಕಾ? ಮೂಳೆ ಮುರ್ದು..."

"ಅಣ್ಣ, ಸೊಕ್ಕು ಗಿಕ್ಕು ಅಂತ ಮಾತಾಡ್ಬೇಡ," ಮೈದುನನೂ ಎದ್ದ. "ಬ್ಯಾಡ ಅಂದ್ರೆ ಹೇಳ್ಬುಡಿ. ನಾವು ಕೊರಟಗೆರೆಲಿ ಮನೆ ನೋಡ್ಕತೀವಿ. ಇವತ್ತೇ ಹೋಯ್ತೀವಿ."

ನಡುಮನೆ ಒಮ್ಮೆಗೇ ಚಿಕ್ಕದಾದ ಹಾಗೆ ಅನ್ನಿಸಿತು. ಅಣ್ಣ ತಮ್ಮ ಇಬ್ಬರೂ ಎದೆಯುಬ್ಬಿಸಿ ನಿಂತಿದ್ದರು. ಇನ್ನೊಂದು ಮಾತು ಯಾರ ಬಾಯಿಂದ ಬಂದರೂ ಅದನ್ನು ವಾಪಸ್ಸು ತೆಗೆದುಕೊಳ್ಳಲು ಆಗುತ್ತಿರಲಿಲ್ಲ. ಎಲ್ಲರೂ ನನ್ನ ಮೂಗಿಗಾಗಿ ಜಗಳ ಆಡುತ್ತಿದ್ದರು. ನನ್ನ ಮಾತು ಮಾತ್ರ ಯಾರಿಗೂ ಬೇಕಿರಲಿಲ್ಲ.

ನಾನು ಅಟ್ಟದ ಏಣಿ ಹತ್ತಿ ಮಾವನ ಕಾಲದ ಕರಿ ಕಂಬಳಿಗಳನ್ನು ಕೆಳಗೆ ಎಸೆದೆ. ನಡುಮನೆಯ ಚಾಪೆಯ ಮೇಲೆ ಒಂದರ ಮೇಲೊಂದು ಹಾಸಿದೆ. ಹಳೇ ಉಣ್ಣೆಯ ಧೂಳಿಗೆ ಅತ್ತೆ ಸೀನಿದರು. ಯಾರಿಗೂ ಏನು ಅಂತ ತಿಳಿಯಲಿಲ್ಲ.

"ಹೋಗು, ಕ್ಲಾಸಿನ ಡ್ರೆಸ್ ಹಾಕ್ಕೊಂಡು ಬಾ," ಅಂದೆ ಅವಳಿಗೆ. ಎಷ್ಟೋ ದಿನದ ಮೇಲೆ ನಾನು ಅವಳಿಗೆ ನೇರವಾಗಿ ಆಡಿದ ಮೊದಲ ಮಾತು.

"ಯಾಕಕ್ಕ?"

"ಏನಾಯ್ತು ಅಂತ ತೋರ್ಸಣ."

ಇಬ್ಬರೂ ಬಟ್ಟೆ ಬದಲಾಯಿಸಿ ಬಂದೆವು. ದಪ್ಪ ಬಟ್ಟೆಯ ಜಾಕೀಟು, ಪಾದದವರೆಗೆ ಪ್ಯಾಂಟು, ಸೊಂಟಕ್ಕೆ ಬಿಳಿ ಬೆಲ್ಟು. ಗಂಡಸರು ಆಚೆ ಹೋಗಲಿ ಅಂದರು ಪಾವಗಡದಮ್ಮ. ಬೇಡ, ಅನುಮಾನ ಇದ್ದದ್ದೇ ಅವರಿಗೆ, ಇಲ್ಲೇ ಕೂತು ನೋಡಲಿ ಅಂದೆ. ಈ ಬಟ್ಟೆ ಸೀರೆಗಿಂತ ಹೆಚ್ಚೇ ಮೈ ಮುಚ್ಚುತ್ತದೆ.

ಅವಳು ಕಂಬಳಿಯ ಮೇಲೆ ಅಂಗಾತ ಮಲಗಿದಳು. "ಇಡು ಕಾಲು," ಅಂದೆ. ಅವಳು ಒಂದು ಸಲ ಅತ್ತೆಯ ಕಡೆ ನೋಡಿ, ಎರಡೂ ಪಾದ ತಂದು ನನ್ನ ಸೊಂಟದ ಮೇಲಿಟ್ಟಳು. ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡದ್ದು ಕಣ್ಣಂಚಿನಲ್ಲಿ ಕಂಡಿತು.

ನಾನು ಮೊಣಕಾಲಿನ ಬಟ್ಟೆ ಹಿಡಿದು ತಳ್ಳಿದೆ. ಕಾಲುಗಳು ಒದ್ದೆ ಬಟ್ಟೆಯ ಹಾಗೆ ಪಕ್ಕಕ್ಕೆ ಬಿದ್ದವು. ಒಂದು ಹೆಜ್ಜೆ ಸರಿದು ಅವಳ ಪಕ್ಕಕ್ಕೆ ಹೋಗಿಬಿಟ್ಟೆ. ಪಾಸ್ ಆಗಿತ್ತು. ಇಷ್ಟು ತಿಂಗಳಲ್ಲಿ ಆಗದ್ದು ಚಿಟಿಕೆ ಹೊಡೆಯುವಷ್ಟರಲ್ಲಿ ಆಗಿತ್ತು.

"ಲೇ," ಅಂದೆ ಅವಳ ಕಿವಿಯ ಬಳಿ, "ಬಿಟ್ಕೊಟ್ಟೆ."

"ಬಿಡಕ್ಕ. ಎಲ್ರೂ ನೋಡ್ತಾವ್ರೆ."

"ಅದಕ್ಕೇ ಬಿಟ್ಕೊಡ್ಬೇಡ. ಈಗ ನೀನು ಬಿಟ್ಕೊಟ್ರೆ ಕಾಲು ಮುಟ್ಟಿದ್ದಕ್ಕೂ ಇದಕ್ಕೂ ಏನು ವ್ಯತ್ಯಾಸ? ದಿನಾ ಆಡ್ದಂಗೆ ಆಡು."

ನಾನು ಎದ್ದು ಮತ್ತೆ ಎದುರಿಗೆ ನಿಂತೆ. ಈ ಸಲ ಅವಳ ಪಾದ ನನ್ನ ಸೊಂಟದ ಮೂಳೆಗೆ ಬಂದು ಕೂತ ರೀತಿಯಲ್ಲೇ ಗೊತ್ತಾಯಿತು, ಈಗ ನಿಜ. ಎರಡೂ ತೋಳಿನ ಬಟ್ಟೆ ಅವಳ ಮುಷ್ಟಿಗೆ ಹೋಯಿತು. ನಾನು ಎಡಕ್ಕೆ ಹೋದರೆ ಅವಳ ಸೊಂಟವೂ ಎಡಕ್ಕೆ. ಬಲಕ್ಕೆ ಹೋದರೆ ಕೊಕ್ಕೆ ಹಾಕಿದ ಪಾದ ನನ್ನ ಮೊಣಕಾಲನ್ನು ಎಳೆದು ನೆಲ ತಪ್ಪಿಸುತ್ತಿತ್ತು. ಒಂದು ಸಲ ಮುಗ್ಗರಿಸಿದೆ. ಕಂಬಳಿ ಜಾರುತ್ತಿತ್ತು. ಉಸಿರಾಡಲು ಮೂಗು ಸಾಲದೆ ಬಾಯಿ ತೆರೆದಿದ್ದೆ.

ಅವಳ ಬಲ ಕೈಯ ಹಿಡಿತ ಕಿತ್ತುಕೊಂಡೆ. ಮೊಣಕಾಲು ಹಿಡಿದು ಒತ್ತಿದೆ. ಅವಳು ತಿರುಗಿದಳು, ನನ್ನ ಕೈ ಸಡಿಲವಾಯಿತು, ಕಾಲು ಮೇಲೆ ಬಂತು.

ಹಿಮ್ಮಡಿ ನನ್ನ ಕೆನ್ನೆಯನ್ನು ಸವರಿಕೊಂಡು ಕಿವಿಗೆ ಬಡಿಯಿತು.

"ಅಯ್ಯೋ!" ಅಂತ ಅತ್ತೆ ಕೂಗಿದರು. ನಮ್ಮ ಯಜಮಾನರು ಎದ್ದು ಒಂದು ಹೆಜ್ಜೆ ಇಟ್ಟರು. "ನಿಲ್ಸಿ! ಸಾಕು ನಿಲ್ಸಿ!" ಅವಳ ಮುಖ ಬಿಳುಚಿತು. ಮೈಯೆಲ್ಲ ಸಡಿಲ ಬಿಟ್ಟಳು, ಕೈ ನನ್ನ ಕೆನ್ನೆಯ ಕಡೆ ಬಂತು.

ಆ ಕ್ಷಣ ನನಗೆ ಚೆನ್ನಾಗಿ ನೆನಪಿದೆ. ಕಿವಿ ಗುಂಯ್ ಅನ್ನುತ್ತಿತ್ತು. ಕುತ್ತಿಗೆ ಹಿಂದಕ್ಕೆ ಹೋಗಿತ್ತು, ಎಂದಿನಂತೆ. ಇನ್ನೊಂದು ಹೆಜ್ಜೆ ಹಿಂದೆ ಇಟ್ಟಿದ್ದರೆ ಅಲ್ಲಿಗೆ ಎಲ್ಲಾ ಮುಗಿಯುತ್ತಿತ್ತು. ಮೈದುನ ಸಾಮಾನು ಕಟ್ಟುತ್ತಿದ್ದ, ಊರು ತನ್ನ ಕಥೆಯನ್ನು ಸರಿ ಅಂದುಕೊಳ್ಳುತ್ತಿತ್ತು, ನಾನು ಜೀವಮಾನವಿಡೀ ಈಳಿಗೆಮಣೆಯ ಮುಂದೆ ಬೆಚ್ಚುತ್ತಿದ್ದೆ.

"ಕೂತ್ಕೊಳ್ಳಿ!" ಅಂದೆ. ಗಂಡನಿಗೆ ಹಾಗೆ ಸ್ಕೂಲ್ ಮೈದಾನದ ದನಿಯಲ್ಲಿ ಯಾವತ್ತೂ ಕೂಗಿರಲಿಲ್ಲ. ಅವರು ಕೂತರು. "ನೀನು ಯಾಕೆ ನಿಲ್ಸಿದ್ದು? ಆಡು!" ಅಂತ ಅವಳಿಗೂ ಅಂದೆ.

ಅವಳು ತುಟಿ ಕಚ್ಚಿ ಮತ್ತೆ ಕಾಲು ತಂದಳು. ನಾನು ಪಾದ ನೋಡಲಿಲ್ಲ. ಬೆಲ್ಟಿನ ಗಂಟು ನೋಡಿದೆ. ಗಂಟು ಬಲಕ್ಕೆ ವಾಲಿದ್ದು ಕಂಡಿತು, ಕಾಲು ಬರುವ ಮೊದಲೇ. ನಾನು ಹಿಂದೆ ಹೋಗದೆ ಒಳಗೆ ಹೋದೆ. ಭುಜವನ್ನು ಅವಳ ತೊಡೆಗೆ ಕೊಟ್ಟು, ಎರಡು ಮೊಣಕಾಲನ್ನೂ ಜೋಡಿಸಿ ತಬ್ಬಿಕೊಂಡು, ನನ್ನ ಪೂರ್ತಿ ಭಾರ ಹಾಕಿ ಎಡಕ್ಕೆ ನೆಲಕ್ಕೊತ್ತಿದೆ. ತಲೆ ಅವಳ ಹೊಟ್ಟೆಯ ಮೇಲೆ. ಅವಳ ಪಾದ ನನ್ನ ಬೆನ್ನ ಹಿಂದೆಲ್ಲೋ ಗಾಳಿಯಲ್ಲಿ ಆಡುತ್ತಿತ್ತು, ಅದಕ್ಕೆ ತಾಗಲು ಏನೂ ಇರಲಿಲ್ಲ. ಕೋಚ್ ಹೇಳಿದ ಜಾಗ ಇಲ್ಲದ ಜಾಗ ಇದೇ ಇರಬೇಕು. ಅವಳು ಬಿಡಲಿಲ್ಲ. ಮೊಣಕಾಲನ್ನು ನಡುವೆ ತುರುಕಲು ನೋಡಿದಳು, ನನ್ನ ತಲೆಯನ್ನು ಅಂಗೈಯಿಂದ ತಳ್ಳಿದಳು. ಕಂಬಳಿಯ ಉಣ್ಣೆಗೆ ಕೆನ್ನೆ ತರಚಿತು. ನಾನು ಸೊಂಟವನ್ನು ಕೆಳಗಿಳಿಸಿ, ಒಂದೊಂದು ಗೇಣು ಸರಿಯುತ್ತ, ಕಾಲುಗಳನ್ನು ಬಿಡದೆ, ಸುತ್ತಿಕೊಂಡು ಪಕ್ಕಕ್ಕೆ ಬಂದೆ. ಕೊನೆಗೆ ಕೈ ಅವಳ ಕುತ್ತಿಗೆಯ ಕೆಳಗೆ ಹೋಯಿತು, ಎದೆ ಎದೆಗೆ ಕೂತಿತು. ಇಬ್ಬರ ಗುಂಡಿಗೆಯೂ ಒಂದೇ ಕಡೆ ಬಡಿದುಕೊಳ್ಳುತ್ತಿತ್ತು.

"ಪಾಸ್," ಅಂದೆ.

"ಹ್ಞೂಂ. ಪಾಸ್," ಅಂದಳು, ಏದುತ್ತ.

ಎದ್ದೆವು. ಕ್ಲಾಸಿನಲ್ಲಿ ಮಾಡುವ ಹಾಗೆ ಒಬ್ಬರಿಗೊಬ್ಬರು ಬಾಗಿ ಕೈ ಕುಲುಕಿದೆವು. ಅವಳ ಕಣ್ಣಲ್ಲಿ ಈಗ ನೀರು ಬಂದಿತ್ತು.

ಪಾವಗಡದಮ್ಮ ನನ್ನನ್ನು ಹತ್ತಿರ ಕರೆದರು. ಕೆಂಪಗಾದ ಕಿವಿಯನ್ನು ಮುಟ್ಟಿ ನೋಡಿದರು. "ನೊಪ್ಪಿ ಆಯ್ತಾ?"

"ನೋವಾಯ್ತು ಅಮ್ಮ."

"ಕೋಪ ಬಂತಾ ಇವ್ಳ ಮ್ಯಾಲೆ?"

"ಇಲ್ಲ."

"ಅವತ್ತೂ ಇಂಗೇನಾ?"

"ಅವತ್ತೂ ಇಂಗೇ. ಸ್ವಲ್ಪ ಜೋರಾಗಿ ಬಿತ್ತು, ಅಷ್ಟೇ."

ಅವರು ತುಟಿ ಎತ್ತಿ ಮುಂದಿನ ಹಲ್ಲಿಲ್ಲದ ಜಾಗ ತೋರಿಸಿದರು. "ಇದು ಹೆಂಗೋಯ್ತು ಗೊತ್ತಾ? ಮದ್ವೆಗೆ ಮುಂಚೆ, ಉಣ್ಣೆ ಕತ್ತರಿಸೋವಾಗ ಟಗರು ಒದ್ದಿದ್ದು. ನಮ್ಮಪ್ಪ ಆ ಟಗರಿನ ಕೈಲಿ ತಪ್ಪಾಯ್ತು ಅನ್ಸಿದ್ನಾ?"

"ನಾನೇನು ಟಗರಾ ಅಮ್ಮ?" ಅಂದಳು ಅವಳು, ಮೂಗು ಒರೆಸಿಕೊಳ್ಳುತ್ತ.

ಮೊದಲು ನಕ್ಕದ್ದು ಅತ್ತೆ. ನಗಬಾರದು ಅಂತ ಸೆರಗು ಅಡ್ಡ ಹಿಡಿದುಕೊಂಡೇ ನಕ್ಕರು. ಮೈದುನ ಕಂಬಳಿ ಮಡಿಸಲು ಬಂದ. ನಮ್ಮ ಯಜಮಾನರು ಇನ್ನೊಂದು ತುದಿ ಹಿಡಿದರು. ಇಬ್ಬರೂ ತುದಿಗೆ ತುದಿ ಸರಿಯಾಗಿ ಸೇರಿಸಿಯೇ ಮಡಿಸಿದರು.

ಮಧ್ಯಾಹ್ನ ಅಡುಗೆಮನೆಯಲ್ಲಿ ಮುದ್ದೆ ಕಟ್ಟುವಾಗ ಅವಳು ಬಂದು ಪಕ್ಕದಲ್ಲಿ ಕೂತಳು.

"ಅಕ್ಕ, ಊರೋರು ಅಂದಿದ್ದಕ್ಕೆ ನಂಗೆ ಬೇಜಾರಿರ್ಲಿಲ್ಲ. ಡ್ಯೂಟೀಲಿ ದಿನಾ ಕೇಳ್ತೀನಿ. ಅವತ್ತು ನೀನು ನನ್ ಕಂಡು ಬೆಚ್ಚಿದ್ಯಲ್ಲ, ಸಾರು ಚೆಲ್ಕೊಂಡು. ಇವ್ಳೂ ನಂಬ್ಬುಟ್ಲಲ್ಲ ಅನ್ನಿಸ್ತು."

"ನಂಬಿರ್ಲಿಲ್ಲ ಕಣೇ. ಮೈ ನಂಬ್ಬಿಟ್ಟಿತ್ತು."

ಅವಳು ಕೈ ಒದ್ದೆ ಮಾಡಿಕೊಂಡು ಒಂದು ಮುದ್ದೆ ಉರುಳಿಸಿದಳು.

ಎಲ್ಲಾ ಸರಿಹೋಯಿತು ಅಂತ ಹೇಳಲಾರೆ. ಡೇರಿಯ ಬಳಿ ಆ ಕಥೆ ಈಗಲೂ ಇದೆ, ಪಾವಗಡದಮ್ಮ ಬಂದು ರಾಜಿ ಮಾಡಿಸಿದರು ಅನ್ನುವ ಹೊಸ ಬಾಲದೊಂದಿಗೆ. ಎಷ್ಟೋ ದಿನ ನಮ್ಮ ಯಜಮಾನರು ನಾನು ಕ್ಲಾಸಿಗೆ ಹೊರಟಾಗಲೆಲ್ಲ ಹುಷಾರು ಅನ್ನುತ್ತಿದ್ದರು. ಯಾರಿಂದ ಹುಷಾರು ಅಂತ ನಾನು ಕೇಳಲಿಲ್ಲ. ಮಳೆಗಾಲ ಮುಗಿದ ಮೇಲೆ ಅವಳೂ ಮೈದುನನೂ ಕೊರಟಗೆರೆಗೆ ಮನೆ ಮಾಡಿಕೊಂಡು ಹೋದರು. ಡ್ಯೂಟಿಗೆ ಹತ್ತಿರ ಅನ್ನುವುದು ನಿಜವಾದ ಕಾರಣವೇ. ಆದರೂ ಸಾಮಾನು ಏರಿಸುವಾಗ ಅತ್ತೆ ಅತ್ತರು, ಅಣ್ಣ ಬೀರು ಹೊರಲು ಹೆಗಲು ಕೊಟ್ಟರು.

ಈಗ ಅವಳು ಕೊರಟಗೆರೆಯಿಂದ, ನಾನು ಸ್ಕೂಲಿನಿಂದ, ಕ್ಲಾಸಿರುವ ದಿನ ಮಧುಗಿರಿಯ ಹಾಲ್‌ನಲ್ಲಿ ಸೇರುತ್ತೇವೆ. ಹೋದ ವಾರ ಅವಳು ಹೊಸದೊಂದು ಕೊಕ್ಕೆ ಕಲಿತುಕೊಂಡು ಬಂದಿದ್ದಳು. ಪಾದವನ್ನು ನನ್ನ ತೋಳ ಸಂದಿಯಿಂದ ಸುತ್ತಿ ತಂದು ಬಿಗಿಯುತ್ತಾಳೆ, ಕೈ ಅಲ್ಲಾಡಿಸಲೂ ಆಗುವುದಿಲ್ಲ. ಎಡ, ಬಲ, ಒಳಗೆ, ಹೊರಗೆ, ಎಲ್ಲಾ ನೋಡಿದೆ. ಎರಡು ಸಲ ನನ್ನನ್ನು ಉರುಳಿಸಿ ಮೇಲೆ ಬಂದು ಕೂತಳು. ಕೋಚ್ ಗೋಡೆಗೊರಗಿ ನಗುತ್ತಿದ್ದರು.

"ಇನ್ನೊಂದ್ಸಲ," ಅಂದೆ.

"ಅಕ್ಕ, ಕೊಡಿಗೇನಹಳ್ಳಿ ಬಸ್ಸು ಹೊಂಟೋಯ್ತದೆ."

"ಹೋಗ್ಲಿ ಬುಡು. ಇಡು ಕಾಲು."